ಸೊನ್ನೆ ಪಾಯಿಂಟ್ ಎರಡು

ಕೆಲಸ ಬಿಡುವ ದಿನ ಹೂವಯ್ಯ ನನ್ನ ಕೈಗಿತ್ತದ್ದು
ಮೂರು ಬೀಗದ ಕೈ, ವಾಲ್ವು ತಿರುಗಿಸುವ ಕಬ್ಬಿಣ,
ಗಾಳಿ ತಾಗಿ ಮುದ್ದೆಗಟ್ಟಿದ ಅರ್ಧ ಚೀಲ ಬ್ಲೀಚಿಂಗ್ ಪುಡಿ,
ಮತ್ತೆ, ಒಂದು ರಿಜಿಸ್ಟರು.

ಪುಟ ಪುಟಕ್ಕೂ ಒಂದೇ ಅಂಕಿ.
ಕಕ್ಕಡದ ಮಳೆಗೆ ತೋಡು ಕೆಂಪಗೆ ಹರಿದಾಗಲೂ
ಸೊನ್ನೆ ಪಾಯಿಂಟ್ ಎರಡು.
ಏಪ್ರಿಲಿನಲ್ಲಿ ಟ್ಯಾಂಕಿನ ತಳದಿಂದ ಕಪ್ಪೆ ಕೂಗಿದಾಗಲೂ,
ಅವರ ಮಗಳ ಮದುವೆಯ ದಿನವೂ
ಸೊನ್ನೆ ಪಾಯಿಂಟ್ ಎರಡು.
ನಾನು ಸೇರಿದ್ದು ಜನವರಿ ಹನ್ನೆರಡಕ್ಕೆ.
ಪುಟ ಮೂವತ್ತೊಂದರ ತನಕ ತುಂಬಿತ್ತು.
"ಶುರುವಿನಲ್ಲೇ ನಿನಗೆ ಕಷ್ಟ ಯಾಕೆ ಗುಲಾಬಿ,"
ಅಂದರು, ನಿಜವಾದ ಪ್ರೀತಿಯಲ್ಲಿ.

ಪರೀಕ್ಷೆಯ ಡಬ್ಬ ಬೀರುವಿನ ಮೇಲಿತ್ತು,
ಸೀಲು ಒಡೆದಿರಲಿಲ್ಲ, ಜೇಡ ಸಂಸಾರ ಹೂಡಿತ್ತು.
ಹೂವಯ್ಯನ ಡಬ್ಬ ಅವರ ನಾಲಿಗೆ:
"ನೀರಿಗೆ ಜ್ವರ ಬಂದರೆ ಬಾಯಿಗೆ ಗೊತ್ತಾಗೋದಿಲ್ವಾ?"

ಮಡಿಕೇರಿಯ ತರಬೇತಿಯಲ್ಲಿ, ಊಟದ ಮೇಲಿನ ತೂಕಡಿಕೆಯಲ್ಲಿ
ಒಂದು ಮಾತು ಮಾತ್ರ ನನಗೆ ಕೇಳಿಸಿತ್ತು:
ಮಾತ್ರೆ ಹಾಕಿ ಅಲ್ಲಾಡಿಸಿ, ನೀರು ಗುಲಾಬಿಯಾಗಬೇಕು.
ಎಲ್ಲರೂ ನನ್ನ ಕಡೆ ತಿರುಗಿ ನಕ್ಕಿದ್ದರು.

ಮಾದಾಪುರದ ಚಳಿಯಲ್ಲಿ, ಬೆಳಗ್ಗೆ ಆರಕ್ಕೆ,
ಕೊನೆಯ ನಲ್ಲಿಯ ನೀರಿಗೆ ಮಾತ್ರೆ ಹಾಕಿ ಅಲ್ಲಾಡಿಸಿದೆ.
ಮತ್ತೂ ಅಲ್ಲಾಡಿಸಿದೆ.
ನೀರು ನನ್ನ ಹೆಸರು ಹೇಳಲಿಲ್ಲ.

ಮೇಲಿನ ತೋಟಗಳಲ್ಲಿ ಪಲ್ಪರ್ ಓಡುವ ತಿಂಗಳು.
ಹಣ್ಣಿನ ಸಿಪ್ಪೆ ತೊಳೆದ ನೀರು, ಸಿಹಿಯೂ ಹುಳಿಯೂ ನಾರುತ್ತ,
ರಾತ್ರಿ ತೋಡಿಗೆ ಇಳಿಯುತ್ತದೆ.
ಯಾರೂ ಬಿಡುವುದಿಲ್ಲ. ತಾನೇ ಇಳಿಯುತ್ತದೆ.

ಇನ್ನೊಂದು ಪರೀಕ್ಷೆ ಉಳಿದಿತ್ತು, ಪುಟ್ಟ ಸೀಸೆಯದು.
ಗೆರೆಯ ತನಕ ನೀರು ತುಂಬಿ ಬೆಚ್ಚಗಿಡಬೇಕಂತೆ.
ನಮ್ಮ ಮನೆಯಲ್ಲಿ ಬೆಚ್ಚಗಿನ ಜಾಗ ಒಂದೇ,
ಒಲೆಯ ಮೇಲಿನ ಅಟ್ಟ; ಒಣಮೀನಿನ ಬುಟ್ಟಿಯ ಪಕ್ಕ
ಅತ್ತೆಗೆ ಹೇಳದೆ ಇಟ್ಟೆ.
ಎರಡನೇ ಬೆಳಗ್ಗೆ ಅವರೇ ಕೆಳಗಿಳಿಸಿದರು:
"ಇದ್ಯಾರ ಕಷಾಯವೇ, ಇಷ್ಟು ಕಪ್ಪು?"
ಊರಿನದು, ಅಂದೆ.

ಕಾರ್ಯದರ್ಶಿಗಳು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ
ಟೀ ಲೋಟದ ಹಿಂದೆ ಬಚ್ಚಿಟ್ಟರು.
"ನಾಡಿದ್ದು ಜಿಲ್ಲೆಯಿಂದ ತಪಾಸಣೆ ಇದೆ.
ಬರೆಯಲೇಬೇಕಂದ್ರೆ ಪೆನ್ಸಿಲಲ್ಲಿ ಬರಿ."
ಆ ಟೀ ನಮ್ಮದೇ ನೀರಿನದು. ಅವರು ಪೂರ್ತಿ ಕುಡಿಯಲಿಲ್ಲ.

ಆ ರಾತ್ರಿ ಹಳೆಯ ಪುಟಗಳನ್ನು ಹಿಂದಕ್ಕೆ ತಿರುವುತ್ತಿದ್ದೆ,
ಎರಡು, ಎರಡು, ಎರಡು,
ಎಷ್ಟೋ ವರ್ಷದ ಹಿಂದಿನ ಒಂದು ಮಂಗಳವಾರ,
ಬೇರೆ ಶಾಯಿಯಲ್ಲಿ:
ಇವತ್ತು ನೀರು ಬಿಡಲಿಲ್ಲ.
ಕಾರಣದ ಕಾಲಂ ಖಾಲಿ.

ಹೂವಯ್ಯ ಜಗಲಿಯಲ್ಲಿ ಕುಳಿತು ಕಾಳುಮೆಣಸು ಬಿಡಿಸುತ್ತಿದ್ದರು.
ಕೇಳಿದೆ. ಬಹಳ ಹೊತ್ತು ಗೆರೆಯಿಂದ ಗೆರೆ ಬಿಡಿಸಿದರು.
"ಅವತ್ತು ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ್ದೆ."
ಆಮೇಲೆ?
"ಆಮೇಲೆ ನೋಡಲಿಲ್ಲ."

ಇಪ್ಪತ್ತೊಂದನೇ ತಾರೀಕು ವಾಲ್ವು ಕಟ್ಟಿದೆ.
ಏಳು ಗಂಟೆಗೆ ಕೊಡಗಳು ಬಂದವು, ಅವುಗಳ ಹಿಂದೆ ಬಾಯಿಗಳು.
ಗಂಡಸು ಇದ್ದಾಗ ಒಂದು ದಿನ ನಿಂತಿತ್ತಾ ನೀರು, ಅಂದರು.
ಪಂಪಿನ ಡೀಸೆಲ್ ಕದ್ದಿದ್ದಾಳೆ, ಅಂದರು.
ಅದು ಕರೆಂಟಿನ ಪಂಪು.
ಲೈನ್ ಮನೆಯ ಚೋಮಿ ಮಾತ್ರ ಸುಮ್ಮನೆ ನಿಂತು, ಕೇಳಿದಳು:
"ನಿನ್ನೆಯ ನೀರು ಮಗುವಿಗೆ ಕೊಟ್ಟಾಗಿದೆಯಲ್ಲಾ ಅಕ್ಕಾ?"
ಅದಕ್ಕೆ ನನ್ನ ಡಬ್ಬದಲ್ಲಿ ಮಾತ್ರೆ ಇರಲಿಲ್ಲ.
ಕುದಿಸಿ ಕುಡಿಸು, ಅಂದೆ. ಜ್ವರ ಬಂದರೆ ನನ್ನನ್ನು ಕರಿ.

ಈಗ ರಿಜಿಸ್ಟರು ತೊಡೆಯ ಮೇಲಿದೆ.
ಅವರ ಅಂಕಿಯ ಮೇಲೆ ಪೆನ್ನಿನಲ್ಲೇ ಗೆರೆ ಎಳೆದು
ಪಕ್ಕದಲ್ಲಿ ಬರೆದಿದ್ದೇನೆ: ಸೊನ್ನೆ.
ಕಾರಣದ ಕಾಲಂ ಚಿಕ್ಕದು,
ಅಕ್ಷರ ಹೊರಗೆ ಹರಿದು ಅಂಚಿಗೆ ಹೋಗಿದೆ.
ಕೆಳಗೆ ಇನ್ನೂ ಹತ್ತು ಸೊನ್ನೆ ಪಾಯಿಂಟ್ ಎರಡುಗಳು,
ಹೂವಯ್ಯನ ದುಂಡು ಕೈಬರಹದಲ್ಲಿ,
ನಲ್ಲಿಯ ಮುಂದಿನ ಕೊಡಗಳ ಹಾಗೆ
ಸಾಲಾಗಿ ನಿಂತಿವೆ.